ಮುಟ್ಟಬಾರದ ಗಂಟು

ಸಂತೆಮರಹಳ್ಳಿಯಲ್ಲಿ ಬಸ್ಸಿಗೆ ಕಾದಿದ್ದ ಚಿಕ್ಕಮಲ್ಲಪ್ಪನವರ ಪಕ್ಕದಲ್ಲೇ ಅಜ್ಜಿ, ಮೊಮ್ಮಗಳ ಮಾತು ನಡೆದಿತ್ತು.

“ಎಷ್ಟ್ ಸಲ ನೋಡೀಯೆ ಕುಮಾರಿ, ಆ ಫೋನ?”

“ನನ್ ಕಂಟ್ರಾಕ್ಟ್ ನರ್ಸ್ ಕೆಲ್ಸ ಇನ್ನೊಂದ್ ವರ್ಸ ಇದ್ದದೋ ಇಲ್ವೋ, ಇವತ್ತು ಮೆಸೇಜ್ ಬತ್ತದೆ ಅಜ್ಜಿ.”

“ಕೊಡಿಲ್ಲಿ.” ಅಜ್ಜಿ ಫೋನನ್ನು ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿದಳು. “ಬೆಟ್ಟದ ಸ್ವಾಮಿ ಮಾದಪ್ಪನ ಎಸ್ರಲ್ಲಿ ಕಟ್ಟಿವ್ನಿ. ಬಸ್ ಬರಗಂಟ ಮುಟ್ಟಂಗಿಲ್ಲ. ಅಲ್ಲಿಗಂಟ ಚಿಂತೆ ಅವನ್ದು.”

ಗಳಿಗೆ ಕಳೆಯಲಿಲ್ಲ, ಅಜ್ಜಿಯ ಕೈಯೇ ಗಂಟನ್ನು ತಡವಿತು.

“ಅಜ್ಜೀ!”

“ಸದ್ದಾಯ್ತೇನೋ ಅಂತ ಕಣವ್ವ.”

ಕೈ ಮತ್ತೆ ತಡವಿತು.

“ಮಾದಪ್ಪನ ಮ್ಯಾಲೆ ನಂಬ್ಕೆ ಇಲ್ವಾ ನಿಂಗೆ?”

“ಅವನ್ ಮ್ಯಾಲದೆ. ಈ ಕೈ ಮ್ಯಾಲಿಲ್ಲ.”

ಕುಮಾರಿ ನಕ್ಕುಬಿಟ್ಟಳು. “ತತ್ತಾ, ನಾ ಇಡ್ಕತೀನಿ” ಎಂದು ಆ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದಳು.

ಬಸ್ಸು ಬಂತು. ಕೈ ಬಿಡದೆ ಹತ್ತಿದರು. ಗಂಟು ಬಿಚ್ಚುವ ನೆನಪು ಇಬ್ಬರಿಗೂ ಬರಲಿಲ್ಲ. ನೆನಪಿಸಲು ಚಿಕ್ಕಮಲ್ಲಪ್ಪನವರಿಗೆ ಮನಸ್ಸಾಗಲಿಲ್ಲ.