ಹನ್ನೆರಡು ರೂಮಿನ ವೈಫೈ

ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ನಾನು ಪಾರ್ಸಲ್ಲಿನ ಬಟ್ಟೆಗೆ ಹೊಲಿಗೆ ಹಾಕುತ್ತಿದ್ದೆ. ಪಕ್ಕದಲ್ಲಿ ಲಾಡ್ಜ್ ನಡೆಸುವ ಅಕ್ಕ, ತಮ್ಮ. ಹೊಸ ವೈಫೈ ಪೆಟ್ಟಿಗೆಗಳಿಗೆ ಬರೆದ ಆರ್ಡರ್ ಪತ್ರ ಅಕ್ಕನ ಕೈಯಲ್ಲಿತ್ತು. ತಮ್ಮನ ಸಹಿಗಾಗಿ ಅದು ತಿಂಗಳುಗಟ್ಟಲೆ ಕಾದಿತ್ತಂತೆ.

“ದೊಡ್ಡ ಕಂಪನೀದೇ ತಗೊಳ್ಳೋಣ ಕಣಕ್ಕ. ಕೆಟ್ರೆ ಅವರೇ ಓಡಿ ಬರ್ತಾರೆ.”

“ಬರ್ತಾರೆ, ವರ್ಷಾವರ್ಷ ಲೈಸೆನ್ಸ್ ದುಡ್ಡು ಕಟ್ಟಿದ್ರೆ. ಕಟ್ಟೋದು ಮರೆತ್ಯೋ, ಪೆಟ್ಟಿಗೆ ಇದ್ದೂ ಇಲ್ಲದ ಹಾಗೆ. ಮರೆಯೋದ್ರಲ್ಲಿ ನಿನ್ನ ಮೀರಿಸೋರುಂಟಾ?”

“ನೀನು ಬರೆದಿರೋ ಈ ಅಗ್ಗದ್ದು ಕೆಟ್ಟುಹೋದ್ರೆ?”

“ಒಂದು ಹೆಚ್ಚಿಗೆ ತಂದು ಬೀರುನಲ್ಲಿಡೋದು. ನಮ್ಮದೇನು ದೊಡ್ಡಾಸ್ಪತ್ರೆಯಾ? ಹನ್ನೆರಡು ರೂಮು.”

“ಮಗಳ ಹೆರಿಗೆಗೆ ಅಂತ ನೀನು ಹೊರಟುಬಿಡ್ತೀಯ. ಆಮೇಲೆ ವೈಫೈ ಹ್ಯಾಂಗ್ ಆದ್ರೆ? ಈ ಮಂಡಿ ಇಟ್ಕೊಂಡು ನಾನು ಅಟ್ಟ ಹತ್ತಿ ವೈರು ಕಿತ್ತು ಹಾಕೋಕಾಗುತ್ತಾ?”

“ಹತ್ತೋದೇ ಬೇಡ ಮಹಾರಾಯ! ದೊಡ್ಡ ಕಂಪನೀದರ ಹಾಗೆ ಇದೂ ಫೋನಲ್ಲೇ ನಡೆಯುತ್ತೆ. ಮಗಳ ಮನೆಯಿಂದಲೇ ನಾನು ಆಫ್ ಮಾಡಿ ಆನ್ ಮಾಡ್ತೀನಿ.”

“ಮಗು ಅಳ್ತಿದ್ರೂ?”

“ಒಂದು ಕೈಲಿ ತೊಟ್ಟಿಲು, ಇನ್ನೊಂದು ಕೈಲಿ ನಿನ್ನ ಲಾಡ್ಜು.”

ತಮ್ಮ ದೊಡ್ಡದಾಗಿ ಉಸಿರುಬಿಟ್ಟು ನಕ್ಕ.

“ಇದನ್ನ ಮೊದಲೇ ಹೇಳಬಾರದಿತ್ತಾ? ನೀನಿಲ್ದೆ ಹೇಗಪ್ಪಾ ಅಂತ ನಾನು ಎದೆ ಮೇಲೆ ಕಲ್ಲು ಹೊತ್ಕೊಂಡು ಕೂತಿದ್ದೆ.”

“ನೀನು ಕೇಳಿದ್ದೆಲ್ಲ ಬರೀ ಕಂಪನಿ ಹೆಸರು ಕಣೋ.”

“ಕೊಡು ಇಲ್ಲಿ. ಅಗ್ಗದ್ದೇ ಇರಲಿ, ಬೀರುಗೆ ಎರಡು ಅಂತ ಬರಿ.”

ಅಕ್ಕ ತಿದ್ದಿದಳು, ತಮ್ಮ ತೊಡೆಯ ಮೇಲಿಟ್ಟೇ ಸಹಿ ಹಾಕಿದ. ಲಕೋಟೆ ಅಂಟಿಸಿ ಇಬ್ಬರೂ ಬಾಗಿಲ ಬಳಿಯ ಡಬ್ಬಿಯತ್ತ ನಡೆದರು.

“ಹಾಕಿದೆ. ನಡಿಯಕ್ಕ, ನಿನಗೆ ಬಸ್ ಟಿಕೆಟ್ ಮಾಡಿಸೋಣ.”