ನೀಲಿ ಬಾವುಟ

ಶನಿವಾರದ ಕಾರ್ ರೇಸು ಮುಗಿದಿತ್ತು. ಪಾಂಪಾ ಬಯಲಿನ ಆ ಟ್ರ್ಯಾಕಿನ ಪಕ್ಕ, ಸಾಸೇಜ್ ಸುಟ್ಟು ಬ್ರೆಡ್ಡಿಗೆ ಹಾಕಿಕೊಡುವ ಅಂಗಡಿಯ ಸಾಲಿನಲ್ಲಿ ಎಲ್ವೀರಾ ಹಸಿದು ನಿಂತಿದ್ದಳು. ಅವಳ ಮುಂದೆಯೇ ಅಪ್ಪ, ಮಗಳು. ಮಗಳು ನೊಯೆಮಿಗೆ ಇದು ಮೊದಲನೇ ರೇಸು. ಹೆಲ್ಮೆಟ್ಟು ಇನ್ನೂ ಕಂಕುಳಲ್ಲೇ ಇತ್ತು.

"ನೀಲಿ ಬಾವುಟ ತೋರ್ಸಿದ್ರು, ದಾರಿ ಬಿಟ್ಟೆ."

"ಒಂದು ಸುತ್ತು ಮುಂದಿದ್ದವನಿಗೆ ಬಿಡು ಅಂತ ತೋರ್ಸಿದ್ದು ಕಣೇ! ಅವನ ಬೆನ್ನಿಗೇ ಬಂದ ಮಾಂಸದಂಗಡಿ ಸಾಲ್ದಿವಿಯಾಗೂ ಯಾಕೆ ಬಿಟ್ಟೆ? ಅವನು ನಿನಗಿಂತ ಹಿಂದಿದ್ದ!"

"ಪಾಪ, ಅವರೂ ಅರ್ಜೆಂಟಲ್ಲಿದ್ದಂಗಿತ್ತು. ಕೈ ಎತ್ತಿ ಥ್ಯಾಂಕ್ಸ್ ಬೇರೆ ಹೇಳಿದ್ರಪ್ಪ."

"ಹೇಳ್ದೆ ಇನ್ನೇನು! ನಾಳೆ ಫೈನಲಲ್ಲೂ ಹಿಂಗೇ ಉಪಚಾರ ಮಾಡಿದ್ರೆ, ಕಾರು ನಿನ್ನ ತಮ್ಮನಿಗೆ."

"ಸುಮ್ನೆ ನೋಡ್ತಿರು. ತಿರುವಲ್ಲೆಲ್ಲ ಅವರಿಗಿಂತ ನಾನೇ ಜೋರು."

ಅಷ್ಟರಲ್ಲಿ ಸಾಲ್ದಿವಿಯಾನೇ ಬಂದ. ನಗುತ್ತಾ ಅದೇ ಕೈ ಎತ್ತಿದ.

"ಮಗಳೇ, ಇಲ್ಲೂ ಸ್ವಲ್ಪ ಜಾಗ ಬಿಡ್ತೀಯಾ? ಹೊಟ್ಟೆ ಚುರುಗುಟ್ತಿದೆ."

ನೊಯೆಮಿ ಹೆಲ್ಮೆಟ್ಟನ್ನು ಅಪ್ಪನಿಗೆ ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು ಮೊಣಕೈ ಅಗಲಿಸಿದಳು.

"ಬಾವುಟ ಎಲ್ರೀ, ಸಾಲ್ದಿವಿಯಾ ಸಾಹೇಬ್ರೇ? ನಂಗೆ ಕಾಣ್ತಿಲ್ವಲ್ಲ."

ಅಪ್ಪ ಗಹಗಹಿಸಿ ನಕ್ಕ. ಇಬ್ಬರೂ ಬಿಸಿ ಬ್ರೆಡ್ಡು ಹಿಡಿದು ಕಾರಿನತ್ತ ಹೊರಟರು. ಸಾಲ್ದಿವಿಯಾ ಆಸೆಯಿಂದ ಎಲ್ವೀರಾಳ ಮುಖ ನೋಡಿದ.

ಅವಳೂ ಮೊಣಕೈ ಅಗಲಿಸಿದಳು.