ಬಾವಿಗೆ ಹಾರದ ಮುತ್ತಜ್ಜಿ

೧೯೯೬ರಲ್ಲಿ ಒಂದು ಮಧ್ಯಾಹ್ನ, ನಾಗಪುರದ ಸದರ್ ಬಸ್ ನಿಲ್ದಾಣದಲ್ಲಿ ಪಕ್ಕದಿಂದ ಕನ್ನಡ ಕೇಳಿಸಿತು. ಗಂಡಹೆಂಡತಿ ಚರ್ಚಿನ ಹಳೆಯ ದಫ್ತರ ನೋಡಿ ಬಂದಿದ್ದರು.

“ಮುತ್ತಜ್ಜಿ ಬಾವಿಗೆ ಹಾರೇ ಇಲ್ಲ, ನೀಲಾ. ಇಲ್ಲಿಗೆ ಓಡಿಬಂದು ಮೂವತ್ತು ವರ್ಷ ಚರ್ಚಿನ ಸಾಲ್ಯಾಗ ಕಲಿಸ್ಯಾಳ. ಬರೋಬರ್ ಬರದೈತಿ.”

“ಮುಗೀತಲ್ಲ? ಹತ್ತು ವರ್ಷದ ರಜಾ ಎಲ್ಲಾ ಇದಕ್ಕ ಹಾಕೀರಿ.”

“ಗಂಡ ಸತ್ತ ದಿನಾನ ಹಾರಿ ದೇವಿ ಆದ್ಲಂತ ಊರಾಗ ಗುಡಿ ಕಟ್ಯಾರ. ಎಲ್ಲಾ ಸುಳ್ಳು!”

“ಹಂಗಂತ ಊರಿಗೆ ಪತ್ರ ಬರೀರಿ.”

“ಅಪ್ಪಾ ಎದಿ ಒಡಕೋತಾರ.”

“ಹಂಗಾರ ಹುಡುಕಿದ್ದ್ಯಾಕ?”



“ದೇವಿ ಅಂತ ದಿನಾ ಕೈ ಮುಗೀತಿದ್ದೆ. ಈಗ ಏನಂತ ಮುಗೀಲಿ?”

“ಅಯ್ಯ, ಸಾಯದ ಬದುಕಿದ್ಲಲ್ಲ, ಅದಕ್ಕ ಮುಗೀರಿ! ಬಸ್ ಬಂತು, ಜಲ್ದಿ ಹತ್ತರಿ.”

ಇಬ್ಬರೂ ಉಮರೇಡ್ ಬಸ್ ಹತ್ತಿ ಹೋದರು.